ಪಹಣಿಯಲ್ಲಿ ಯಾರ ಹೆಸರಿದೆ?

"ಚಿಕ್ಕಪ್ಪ, ಹನ್ನೊಂದು ದಿನದಿಂದ ನಿಮ್ಮ ಲ್ಯಾಪ್‌ಟಾಪಿಂದ ನನಗೆ ಬ್ಯಾಕಪ್ ಬಂದಿಲ್ಲ. ಕರೆಂಟ್ ಇರಲಿಲ್ವಾ?"

"ಕರೆಂಟ್ ಇತ್ತಮ್ಮ. ಲ್ಯಾಪ್‌ಟಾಪೂ ಚೆನ್ನಾಗಿದೆ. ಮುಂಚೆಗಿಂತ ಚೆನ್ನಾಗಿದೆ ಅಂತಲೇ ಅನ್ನು. ಈಗ ಯಾವ ಫೈಲೂ ತಕರಾರು ತೆಗೆಯಲ್ಲ."

"ಮುಂಚೆ ಏನು ತಕರಾರು ತೆಗೀತಿತ್ತು?"

"ಹೇಳಿದರೆ ಬೈತೀಯ. ಮೊದಲು ಕಾಫಿ ಕುಡಿ."

ಗೌರಿ ಹಬ್ಬಕ್ಕೆ ಊರಿಗೆ ಬಂದು ಇನ್ನೂ ಕೈಕಾಲು ತೊಳೆದಿರಲಿಲ್ಲ. ಚಿಕ್ಕಪ್ಪ ಮೂವತ್ತಾರು ವರ್ಷ ಕಂದಾಯ ಇಲಾಖೆಯಲ್ಲಿ ದುಡಿದವರು. ಗ್ರಾಮ ಲೆಕ್ಕಿಗರಾಗಿ ಸೇರಿ ರೆವಿನ್ಯೂ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದರು. ಈಗ ನಮ್ಮ ಮನೆತನದ ಜಮೀನಿನ ಕಥೆ ಬರೆಯುತ್ತಿದ್ದಾರೆ. ಮುತ್ತಜ್ಜನ ಕಾಲದ ಕ್ರಯಪತ್ರ, ಕಂದಾಯದ ರಸೀದಿ, ವಿಭಾಗಪತ್ರ ಎಲ್ಲವನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡಿದ್ದಾರೆ. ಯುಗಾದಿ ಹೊತ್ತಿಗೆ ಅವರ ಹಳೇ ಲ್ಯಾಪ್‌ಟಾಪಿನ ಮದರ್‌ಬೋರ್ಡ್ ಹೋಯಿತು. ಹೊಸದಕ್ಕೆ ಉಬುಂಟು ಲಿನಕ್ಸ್ 24.04 ಹಾಕಿಕೊಟ್ಟು, ಹಳೆಯದರ ಡಿಸ್ಕನ್ನು ಬಿಚ್ಚಿ ಒಂದು ಯುಎಸ್‌ಬಿ ಡಬ್ಬಿಗೆ ಕೂರಿಸಿ, "ಇದನ್ನ ಆಮೇಲೆ ಕಾಪಿ ಮಾಡಿಕೊಡ್ತೀನಿ" ಅಂದು ಬೆಂಗಳೂರು ಬಸ್ ಹತ್ತಿದ್ದೆ. ಮೊದಲ ತಪ್ಪು ನನ್ನದೇ.

"ನೀನು ಬರೋ ಸೂಚನೆ ಕಾಣಲಿಲ್ಲ. ನಾನೇ ಆ ಡಬ್ಬಿ ಚುಚ್ಚಿದೆ. ನನ್ನ ಹೆಸರಿನ ಫೋಲ್ಡರ್ ಕಾಣಿಸ್ತು. ಒತ್ತಿದರೆ 'ಪರ್ಮಿಷನ್ ಡಿನೈಡ್'. ಅಲ್ಲಮ್ಮ, ನನ್ನ ಹೆಸರು, ನನ್ನ ಕಾಗದ, ನನಗೇ ಪ್ರವೇಶ ಇಲ್ಲ ಅಂದರೆ! ಬಸ್ ಸ್ಟ್ಯಾಂಡ್ ಹತ್ತಿರದ ಕಂಪ್ಯೂಟರ್ ಅಂಗಡಿ ಹುಡುಗನ್ನ ಕರೆಸಿದೆ. ಅವನು ಕಪ್ಪು ಪರದೆ ತೆಗೆದು ಏನೋ ಒಂದು ಸಾಲು ಹೊಡೆದ, ನನ್ನ ಪಾಸ್‌ವರ್ಡ್ ಕೇಳಿದ, ಎಲ್ಲ ಕಾಪಿ ಆಯ್ತು. ಇನ್ನೂರು ರೂಪಾಯಿ ತಗೊಂಡ."

"ಆಮೇಲೆ?"

"ಆಮೇಲೆ ಕಾಗದ ತೆರೀತಿತ್ತು, ಆದರೆ ತಿದ್ದೋಕೆ ಬಿಡ್ತಿರಲಿಲ್ಲ. ಮೇಲೊಂದು ಪಟ್ಟಿ ಬರೋದು, 'ಓದಲು ಮಾತ್ರ' ಅಂತ. ಮತ್ತೆ ಫೋನ್ ಮಾಡಿದೆ. ಫೋನಲ್ಲೇ ಇನ್ನೊಂದು ಸಾಲು ಹೇಳಿದ. ಮೂರು ಏಳು ಬರುತ್ತೆ ಅದರಲ್ಲಿ. ಹೊಡೆದೆ ನೋಡು, ಎಲ್ಲ ಸಲೀಸಾಯ್ತು."

"ಮನೆ ಫೋಲ್ಡರಿಗೆಲ್ಲ ಹೊಡೆದ್ರಾ?"

"ಬೈಯಲ್ಲ ಅಂದೆಯಲ್ಲ."

"ನಾನು ಹಾಗೆ ಅಂದೇ ಇಲ್ಲ ಚಿಕ್ಕಪ್ಪ. ತನ್ನಿ ಇಲ್ಲಿ, ಅವನು ಏನು ಮಾಡಿದ ಅಂತ ಮೊದಲು ನೋಡೋಣ. ಸುಡೋ ಹಾಕಿ ಓಡಿಸಿದ್ದೆಲ್ಲ ಒಂದು ಕಡೆ ದಾಖಲಾಗಿರುತ್ತೆ. ಆಥ್ ಲಾಗ್ ಅಂತ."

"ಸುಡೋ ಅಂತ ಬರೆದ ಮೇಲೆ ಸುಡದೇ ಇರುತ್ತಾ? ಆ ಹುಡುಗನಿಗೂ ಅದನ್ನೇ ಅಂದೆ."

"ಅದು ಸೂಪರ್ ಯೂಸರ್ ಡೂ ಅನ್ನೋದರ ಮೊಟಕು. 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್, ಕ್ಲಿಫ್ ಸ್ಪೆನ್ಸರ್ ಅನ್ನೋ ಇಬ್ಬರು ಬರೆದದ್ದು. ಎಲ್ಲರಿಗೂ ರೂಟ್, ಅಂದರೆ ಸೂಪರ್ ಯೂಸರಿನ, ಪಾಸ್‌ವರ್ಡ್ ಹಂಚೋ ಬದಲು, ಬೇಕಾದವರು ಬೇಕಾದಾಗ ರೂಟ್ ಆಗಿ ಒಂದು ಕೆಲಸ ಮಾಡಿ ಹಿಂದಕ್ಕೆ ಬರಲಿ, ಯಾರು ಏನು ಮಾಡಿದರು ಅಂತ ಲೆಕ್ಕ ಉಳೀಲಿ ಅಂತ. ನೋಡಿ, ಈ ಸಾಲು. ತಾರೀಖು, ಗಂಟೆ, ನಿಮ್ಮ ಹೆಸರು..."

"ಪಿಡಬ್ಲ್ಯೂಡಿ ಅಂತಿದೆಯಲ್ಲೇ! ಲೋಕೋಪಯೋಗಿ ಇಲಾಖೆಗೆ ಇಲ್ಲೇನು ಕೆಲಸ?"

"ಅದು ಯಾವ ಫೋಲ್ಡರಲ್ಲಿ ನಿಂತು ಹೊಡೆದರು ಅನ್ನೋದು. ಪಕ್ಕದಲ್ಲಿ ಓದಿ. ಯೂಸರ್ ರೂಟ್. ಕಮಾಂಡ್ ಸಿಪಿ, ಮೈನಸ್ ಆರ್. ಅಂದರೆ ರೂಟ್ ಆಗಿ ನಿಂತು ಇಡೀ ಫೋಲ್ಡರ್ ನಕಲು ಮಾಡಿದಾನೆ. ಎರಡು ದಿನ ಬಿಟ್ಟು ಇನ್ನೊಂದು ಸಾಲು. ಸಿಎಚ್‌ಮೋಡ್, ಮೈನಸ್ ದೊಡ್ಡ ಆರ್, 777, ನಿಮ್ಮ ಹೋಮ್."

"ತಡಿ. ಮಾಡಿದವನು, ಮಾಡಿಸಿದವನು ಅವನು. ಇಲ್ಲಿ ಎರಡೂ ಕಡೆ ನನ್ನ ಹೆಸರಿದೆ."

"ನಿಮ್ಮ ಪಾಸ್‌ವರ್ಡ್ ತಾನೆ?"

"ರುಜು ನಂದು ಅನ್ನು. ಸರಿ ಬಿಡು, ಸರ್ವೀಸಲ್ಲೂ ಹೀಗೇ ಆಗಿದೆ."

"ಈಗ ನಿಮ್ಮ ಮೊದಲ ಪ್ರಶ್ನೆ, ನನ್ನ ಕಾಗದಕ್ಕೆ ನನಗೇ ಯಾಕೆ ಪರ್ಮಿಷನ್ ಇಲ್ಲ ಅಂತ. ಹಳೇ ಲ್ಯಾಪ್‌ಟಾಪಲ್ಲಿ ಮೊದಲು ಅಕೌಂಟ್ ಮಾಡಿಕೊಂಡವರು ಯಾರು?"

"ನನ್ನ ಮಗ. ಅವನು ಮೈಸೂರಿಗೆ ಹೋಗುವಾಗ ನನಗೆ ಬಿಟ್ಟುಹೋದ. ಆಮೇಲೆ ನನ್ನ ಹೆಸರಲ್ಲೊಂದು ಮಾಡಿಕೊಟ್ಟ."

"ಅಲ್ಲೇ ಇರೋದು ಗುಟ್ಟು. ಲಿನಕ್ಸ್ ಡಿಸ್ಕಿನ ಮೇಲೆ ಒಡೆಯನ ಹೆಸರು ಬರೆಯೋದೇ ಇಲ್ಲ, ನಂಬರ್ ಬರೆಯುತ್ತೆ. ರೂಟ್ ಅಂದರೆ 0. ಉಬುಂಟುವಲ್ಲಿ ಮೊದಲ ಮನುಷ್ಯನಿಗೆ 1000, ಎರಡನೆಯವನಿಗೆ 1001, ಹಾಗೇ ಮುಂದಕ್ಕೆ. ಈ ನಂಬರಿಗೆ ಈ ಹೆಸರು ಅನ್ನೋ ಪಟ್ಟಿ ಬೇರೆ ಫೈಲಲ್ಲಿರುತ್ತೆ, ಅದು ಆಯಾ ಯಂತ್ರದ ಸ್ವಂತ ಪಟ್ಟಿ. ಹಳೇದರಲ್ಲಿ ನೀವು 1001. ಹೊಸದರಲ್ಲಿ ನೀವೊಬ್ಬರೇ, ಹಾಗಾಗಿ 1000. ಹಳೇ ಡಿಸ್ಕ್ ಇಲ್ಲಿಗೆ ಬಂದಾಗ ಈ ಯಂತ್ರ ಏನು ನೋಡ್ತು? ಈ ಫೋಲ್ಡರ್ 1001ರದ್ದು. ಬಾಗಿಲು ಬಡಿಯುತ್ತಿರೋನು 1000. ಹೆಸರು ಒಂದೇ ಆದರೆ ಏನಂತೆ, ಯಾರೋ ಬೇರೆ."

"ಸರ್ವೆ ನಂಬರ್! ಒಂದೂರಿನ 42ನೇ ಸರ್ವೆ ನಂಬರು ಇನ್ನೊಂದೂರಲ್ಲಿ ಇನ್ಯಾರದೋ ತೋಟ. ನಂಬರ್ ಹಿಡಕೊಂಡು ಊರು ಬಿಟ್ಟರೆ ಕೆಟ್ಟ. ಇದನ್ನ ಆ ಹುಡುಗ ಹೇಳಿದ್ದರೆ ನನಗೆ ಒಂದೇ ನಿಮಿಷಕ್ಕೆ ಅರ್ಥ ಆಗ್ತಿತ್ತು."

"ಅವನಿಗೆ ಗೊತ್ತಿದ್ದರೆ ತಾನೆ. ಇನ್ನೊಂದು ಏನಂದ್ರೆ, ಮುಂಚೆ ಉಬುಂಟುವಲ್ಲಿ ಮನೆ ಫೋಲ್ಡರ್ ಯಾರು ಬೇಕಾದರೂ ಬಂದು ನೋಡೋ ಹಾಗಿರೋದು. 2021ರ 21.04ರಿಂದ ಅದನ್ನು ಮುಚ್ಚಿದರು. ನಿಮ್ಮ ಹಳೇದರಲ್ಲಿದ್ದದ್ದು 22.04. ಅದಕ್ಕೇ ಒಳಕ್ಕೆ ಕಾಲಿಡೋಕೂ ಬಿಡಲಿಲ್ಲ."

"ಮುಚ್ಚಿದ್ದು ಒಳ್ಳೇದೇ. ಅಲ್ಲಿಗೆ ಅವನು ಸುಡೋ ಹಾಕಿ ಕಾಪಿ ಮಾಡಿದ್ದು ತಪ್ಪೇನಲ್ಲ ತಾನೆ? ಬೀಗ ಹಾಕಿದ ಕಡೆ ತಹಶೀಲ್ದಾರ್ ಬಂದು ತೆಗೆಸಿದ ಹಾಗಾಯ್ತು."

"ತೆಗೆಸಿದ್ದು ತಪ್ಪಲ್ಲ. ಆದರೆ ನಕಲು ಮಾಡಿದವನು ರೂಟ್, ಹೊಸ ಪ್ರತಿ ಹುಟ್ಟಿದ್ದು ರೂಟ್ ಹೆಸರಲ್ಲಿ. ತಹಶೀಲ್ದಾರ್ ಬಂದು ಬೀಗ ತೆಗೆಸಿ, ಕಾಗದ ಎಲ್ಲ ನಿಮ್ಮ ನಡುಮನೆಗೆ ತಂದಿಟ್ಟು, ಪ್ರತಿಯೊಂದರ ಮೇಲೂ ತಮ್ಮ ಹೆಸರು ಬರೆದು ಹೋದರು ಅಂದುಕೊಳ್ಳಿ. ಅವನು ಅಷ್ಟಕ್ಕೇ ಇನ್ನೊಂದು ಸಾಲು ಹೊಡೆದು ಖಾತೆ ಬದಲಾಯಿಸಿದ್ದರೆ ಮುಗೀತಿತ್ತು. ಅದನ್ನು ಬಿಟ್ಟು ಎರಡು ದಿನ ಆದಮೇಲೆ 777 ಹೇಳಿಕೊಟ್ಟ."

"ಆ 777ರ ಮೇಲೆ ನಿನಗೆ ಯಾಕಿಷ್ಟು ಸಿಟ್ಟು?"

"ಸುಲಭವಾಗಿ ಹೇಳ್ತೀನಿ. ಓದೋಕೆ 4, ಬರೆಯೋಕೆ 2, ಓಡಿಸೋಕೆ 1. ಮೂರೂ ಸೇರಿ 7. ಮೊದಲ ಅಂಕಿ ಒಡೆಯನಿಗೆ, ಎರಡನೇದು ಗುಂಪಿಗೆ, ಮೂರನೇದು ಮಿಕ್ಕ ಎಲ್ಲರಿಗೆ. 777 ಅಂದರೆ ದಾರೀಲಿ ಹೋಗೋರಿಗೂ ಎಲ್ಲ ಹಕ್ಕು."

"ದಾರೀಲಿ ಹೋಗೋರು ಯಾರಿದಾರಮ್ಮ ಇಲ್ಲಿ? ಈ ಲ್ಯಾಪ್‌ಟಾಪ್ ಮುಟ್ಟೋನು ನಾನೊಬ್ಬ. ನಿನ್ನ ಚಿಕ್ಕಮ್ಮ ಅದರ ಧೂಳೂ ಒರೆಸಲ್ಲ, ಹಾಳಾದರೆ ತನ್ನ ಮೇಲೆ ಬರುತ್ತೆ ಅಂತ. ಒಬ್ಬನೇ ಇರೋ ಮನೇಲಿ ಒಳಬಾಗಿಲುಗಳಿಗೆಲ್ಲ ಬೀಗ ಹಾಕು ಅಂತೀಯ."

ಈ ವಾದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ, ಅದನ್ನು ಒಪ್ಪಿಕೊಂಡುಬಿಡುತ್ತೇನೆ. ಯುನಿಕ್ಸ್ ಹುಟ್ಟಿದ್ದು 1969ರಲ್ಲಿ, ಬೆಲ್ ಲ್ಯಾಬ್ಸಿನಲ್ಲಿ. ಒಂದು ಯಂತ್ರಕ್ಕೆ ಹತ್ತು ಜನ ಟರ್ಮಿನಲ್ ಹಾಕಿಕೊಂಡು ಕೂರುತ್ತಿದ್ದ ಕಾಲದ ಕಾನೂನು ಇದು. ಒಬ್ಬನಿಗೆ ಒಂದೊಂದು ಯಂತ್ರ ಇರುವ ಕಾಲದಲ್ಲಿ ಅದರ ಅರ್ಧ ಭಾಗ ತಾತನ ಕೋಟು ತೊಟ್ಟ ಹಾಗೆ ಕಾಣುತ್ತದೆ. ಆದರೂ ಕೋಟಿನ ಜೇಬಲ್ಲಿ ಬೀಗದ ಕೈ ಇದೆಯಲ್ಲ.

"ಮನೇಲಿ ನೀವೊಬ್ಬರೇ ಅಂತ ನಿಮಗೆ ಅನ್ನಿಸುತ್ತೆ. ಈ ಯಂತ್ರದಲ್ಲಿ ಪ್ರಿಂಟರ್ ನೋಡಿಕೊಳ್ಳೋನು ಬೇರೆ, ಲಾಗ್ ಬರೆಯೋನು ಬೇರೆ, ಒಂದೊಂದು ಸೇವೆಗೂ ಒಂದೊಂದು ಹೆಸರಿನ ಬಾಡಿಗೆದಾರರಿದಾರೆ. ಅವರಲ್ಲಿ ಒಬ್ಬನ ತಲೆ ಕೆಟ್ಟರೆ ನಿಮ್ಮ ಕಾಗದ ಅವನ ಕೈಯಲ್ಲಿ. ಅದಿರಲಿ. ನಿಮ್ಮ ಬ್ಯಾಕಪ್ ನಿಂತದ್ದು ಯಾಕೆ ಅಂತ ತೋರಿಸ್ತೀನಿ, ಓದಿ."

"ದೊಡ್ಡಕ್ಷರದಲ್ಲಿದೆ. 'ವಾರ್ನಿಂಗ್. ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್.' ಕೆಳಗೆ, 0777 ಅತಿಯಾಗಿ ತೆರೆದಿದೆ... ಈ ಕೀ ಬಳಸೋದಿಲ್ಲ... ಯಾವ ಕೀ?"

"ದಿನಾ ರಾತ್ರಿ ಒಂಬತ್ತಕ್ಕೆ ನಿಮ್ಮ ಫೈಲುಗಳು ಎಸ್‌ಎಸ್‌ಎಚ್ ಮೇಲೆ ನನ್ನ ಯಂತ್ರಕ್ಕೆ ಬರೋದು ಒಂದು ಕೀ ಫೈಲಿನ ಬಲದಿಂದ. ಪಾಸ್‌ವರ್ಡ್ ಇಲ್ಲ, ಆ ಕೀ ಇದ್ದವರೇ ನೀವು. ಅಂಥದ್ದನ್ನು ಎಲ್ಲರೂ ಓದೋ ಹಾಗೆ ಇಟ್ಟರೆ ಎಸ್‌ಎಸ್‌ಎಚ್ ಅದನ್ನ ಮುಟ್ಟೋದೇ ಇಲ್ಲ. ಮರ್ಯಾದೆಯಿಂದ ಕೆಲಸ ನಿಲ್ಲಿಸುತ್ತೆ."

"ಒಳ್ಳೇ ಗುಮಾಸ್ತ."

"ಹ್ಞೂ. ಎಲ್ಲ ಸಲೀಸಾಯ್ತು ಅಂದಿರಲ್ಲ, ಇವನೊಬ್ಬನೇ ತಕರಾರು ತೆಗೆದದ್ದು. ಅದೂ ರಾತ್ರಿ ಒಂಬತ್ತಕ್ಕೆ, ಯಾರಿಗೂ ಕೇಳಿಸದ ಹಾಗೆ. ಇನ್ನೊಂದು ನೋಡಿ. ಈ 'ಹಳೇಕಾಗದ' ಫೋಲ್ಡರಿನ ಸಾಲು. ಡಿ, ಆರ್, ಡಬ್ಲ್ಯೂ, ಎಕ್ಸ್... ಮುಂದಕ್ಕೆ ಹೆಸರು ನೋಡಿ."

"ರೂಟ್ ರೂಟ್."

"ಅಷ್ಟೇ. ಬಾಗಿಲು ಕಿತ್ತುಹಾಕಿದ, ಖಾತೆ ಹಾಗೇ ಬಿಟ್ಟ. ನಿಮಗೆ ಓದೋಕೆ, ತಿದ್ದೋಕೆ ಬರ್ತಿದೆ. ಆದರೆ ಈಗ ಈ ಫೋಲ್ಡರಿಗೆ ಬೀಗ ಹಾಕಬೇಕು ಅಂದರೆ ನಿಮ್ಮ ಕೈಲಾಗಲ್ಲ. ಹಕ್ಕು ಬದಲಾಯಿಸೋ ಅಧಿಕಾರ ಒಡೆಯನಿಗೆ ಮಾತ್ರ, ಇಲ್ಲ ರೂಟಿಗೆ."

ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೆ ಏನೋ ಸಿಕ್ಕಿತು ಅಂತ ಅದರ ಅರ್ಥ.

"ಪಹಣಿಯ 9ನೇ ಕಲಮ್ಮು, 12ನೇ ಕಲಮ್ಮು. 9ರಲ್ಲಿ ಜಮೀನು ಯಾರ ಹೆಸರಲ್ಲಿದೆ ಅಂತ. 12ರಲ್ಲಿ ಉಳುಮೆ ಮಾಡ್ತಿರೋನು ಯಾರು ಅಂತ. ನಾನು ಕೆಲಸಕ್ಕೆ ಸೇರಿದಾಗ ಏಳನೇ ನಮೂನೆ ಅರ್ಜಿಗಳ ಗಲಾಟೆ. ಉಳುವವನೇ ಹೊಲದೊಡೆಯ ಅಂತ ಕಾನೂನು ಬಂದಿತ್ತಲ್ಲ, 1974ರಲ್ಲಿ. ಹನ್ನೆರಡನೇ ಕಲಮ್ಮಲ್ಲಿ ಹೆಸರಿದೆಯಾ ಇಲ್ವಾ ಅನ್ನೋದರ ಮೇಲೆ ಮನೆಗಳು ಎದ್ದವು, ಬಿದ್ದವು. ಅಲ್ಲಿಗೆ ನಾನು ನನ್ನ ಕಾಗದಕ್ಕೇ ಗೇಣಿದಾರ ಅನ್ನು. ಉಳಬಹುದು, ಪರಭಾರೆ ಮಾಡೋ ಹಾಗಿಲ್ಲ."

"ಅದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ. ಸಿಎಚ್‌ಓನ್ ಅಂದರೆ 9ನೇ ಕಲಮ್ಮು, ಒಡೆಯನ ಹೆಸರು ಬದಲಾಯಿಸೋದು. ಸಿಎಚ್‌ಮೋಡ್ ಬೇರೆ. ಜನ 9ರ ರೋಗಕ್ಕೆ ಸಿಎಚ್‌ಮೋಡ್ ಮದ್ದು ಕುಡಿಸ್ತಾರೆ. ಆದರೆ ಚಿಕ್ಕಪ್ಪ, ನಿಮ್ಮ ಪಹಣಿ ಒಂದು ಕಡೆ ಕೈಕೊಡುತ್ತೆ. ಇಲ್ಲಿ ಒಡೆಯ ತನ್ನ ಫೈಲನ್ನು ತಾನೇ ಇನ್ನೊಬ್ಬರ ಹೆಸರಿಗೆ ಬರೆದುಕೊಡೋ ಹಾಗೂ ಇಲ್ಲ. ದಾನ ಕೊಡ್ತೀನಿ ಅಂದರೂ ರೂಟೇ ಮಾಡಬೇಕು."

"ಸಬ್ ರಿಜಿಸ್ಟ್ರಾರ್ ಮುಂದೆ ಹೋಗದೆ ದಾನಪತ್ರ ಆಗುತ್ತಾ? ಕೈಕೊಡಲಿಲ್ಲ, ಸರಿಯಾಗೇ ಇದೆ."

"ಸರಿ, ಸೋತೆ."

"ಇನ್ನೊಂದು ಇದೆ. ಆ ಹುಡುಗ ಒಂದು ಕ್ರಯಪತ್ರದ ಪ್ರತೀನ ಡೆಸ್ಕ್‌ಟಾಪ್ ಮೇಲೂ ಹಾಕಿದ್ದ. 777 ಹೊಡೆಯೋಕೆ ಮುಂಚಿನ ಮಾತು. ಅದನ್ನೂ ತಿದ್ದೋಕೆ ಬರ್ತಿರಲಿಲ್ಲ. ಬೇಜಾರಾಗಿ ಡಿಲೀಟ್ ಮಾಡಿದೆ. ಹೊರಟೇಹೋಯ್ತು! ತಿದ್ದೋ ಹಕ್ಕಿಲ್ಲದವನಿಗೆ ನಾಶ ಮಾಡೋ ಹಕ್ಕು ಯಾರು ಕೊಟ್ಟರು?"

ಇದು ಲಿನಕ್ಸ್ ಕಲಿಯುವವರನ್ನೆಲ್ಲ ಒಮ್ಮೆ ಎಡವಿಸುವ ಕಲ್ಲು. ನಾನೂ ಎಡವಿದ್ದೇನೆ. ಪರೀಕ್ಷೆಗೆ ಅಂತ ಅಲ್ಲೇ ಒಂದು ಖಾಲಿ ಫೈಲನ್ನು ರೂಟ್ ಹೆಸರಲ್ಲಿ ಮಾಡಿ, 644ಕ್ಕೆ ಇಳಿಸಿ ತೋರಿಸಿದೆ. ಅದಕ್ಕೆ ಒಂದಕ್ಷರ ಸೇರಿಸಲು ಹೋದರೆ 'ಪರ್ಮಿಷನ್ ಡಿನೈಡ್'. ಆರ್‌ಎಂ ಎಂಬ ಅಳಿಸುವ ಕಮಾಂಡ್ ಹೊಡೆದರೆ, "ಇದು ಬರೆಯಬಾರದ ಫೈಲು, ಅಳಿಸಲೇ?" ಎಂದು ಒಂದು ಸಲ ಕೇಳಿತು. ವೈ ಒತ್ತಿದರು. ಇಲ್ಲವಾಯಿತು.

"ಫೋಲ್ಡರ್ ಅಂದರೆ ಪೆಟ್ಟಿಗೆ ಅಂದುಕೊಂಡಿದೀರಿ. ಅದು ಪೆಟ್ಟಿಗೆ ಅಲ್ಲ, ಹೆಸರು ಬರೆದಿಟ್ಟ ಒಂದು ಪಟ್ಟಿ. ಅಳಿಸೋದು ಅಂದರೆ ಆ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕೋದು. ಪಟ್ಟಿ ನಿಮ್ಮದು, ಅದರಲ್ಲಿ ಬರೆಯೋ ಹಕ್ಕು ನಿಮ್ಮದು. ಫೈಲು ಯಾರದ್ದಾದರೂ ಆಗಲಿ, ಅದನ್ನು ಕೇಳೋದೇ ಇಲ್ಲ. ಒಂದೇ ಫೈಲಿಗೆ ಎರಡು ಕಡೆ ಹೆಸರಿದ್ದರೆ ಒಂದು ಹೊಡೆದರೂ ಇನ್ನೊಂದು ಇರುತ್ತೆ. ಕೊನೇ ಹೆಸರೂ ಹೋದಾಗಲೇ ಫೈಲು ಹೋಗೋದು."

"ಅಂದರೆ ಫೋಲ್ಡರ್ ಮೇಲಿನ ಡಬ್ಲ್ಯೂ ಅನ್ನೋದು ಪಟ್ಟಿ ತಿದ್ದೋ ಹಕ್ಕು. ಹಾಗಾದರೆ ಫೋಲ್ಡರನ್ನ ಓಡಿಸೋದು ಅಂದರೇನು? ಎಕ್ಸ್ ಇದೆಯಲ್ಲ."

"ಒಳಕ್ಕೆ ಹೋಗೋ ಹಕ್ಕು. ಆರ್ ಅಂದರೆ ಪಟ್ಟಿ ಓದೋದು. ಆರ್ ಇದ್ದು ಎಕ್ಸ್ ಇಲ್ಲದಿದ್ದರೆ ಹೆಸರೆಲ್ಲ ಕಾಣುತ್ತೆ, ಒಂದೂ ತೆರೆಯಲ್ಲ. ಎಕ್ಸ್ ಇದ್ದು ಆರ್ ಇಲ್ಲದಿದ್ದರೆ ಪಟ್ಟಿ ಕಾಣಲ್ಲ, ಆದರೆ ಹೆಸರು ಗೊತ್ತಿದ್ದರೆ ನೇರವಾಗಿ ತೆಗೀಬಹುದು."

"ತಾಲ್ಲೂಕು ಆಫೀಸಿನ ರೆಕಾರ್ಡ್ ರೂಮು! ಏನೇನಿದೆ ಅಂತ ಕೇಳಿದರೆ ಬಾಯಿ ಬಿಡಲ್ಲ. ಕಡತದ ನಂಬರ್ ಹೇಳಿದರೆ ತಂದುಕೊಡ್ತಾರೆ."

"ಕೊಡ್ತಾರಾ?"

"ಕೊಡಬೇಕು."

ಚಿಕ್ಕಮ್ಮ ಒಳಗಿಂದ ಕಡುಬಿನ ಹೂರಣಕ್ಕೆ ಕಾಯಿ ತುರಿದುಕೊಡಲು ಕರೆದರು. ಐದು ನಿಮಿಷ ಅಂದೆ. ಆ ಐದು ನಿಮಿಷ ಮುಕ್ಕಾಲು ಗಂಟೆಯಾದದ್ದಕ್ಕೆ ಇವತ್ತಿಗೂ ಮಾತು ಕೇಳುತ್ತಿದ್ದೇನೆ.

"ಈಗ ಸರಿಮಾಡು. ಆ ಹುಡುಗನ ಹಾಗೆ ಒಂದೇ ಸಾಲಲ್ಲಿ ಆಗಲ್ವಾ?"

"ಒಂದೇ ಸಾಲಲ್ಲಿ ಕೆಡಿಸಬಹುದು. ಮೊದಲು ಏನೂ ಬದಲಾಯಿಸದೆ ನೋಡೋದು. ನಿಮ್ಮ ಮನೇಲಿ ನಿಮ್ಮ ಹೆಸರಲ್ಲಿ ಇಲ್ಲದ್ದು ಏನೇನಿದೆ? ಹೊಡೀರಿ. ಫೈಂಡ್, ಸ್ಪೇಸ್, ಆ ಅಲೆ ಥರದ ಗುರುತು, ಅದೇ ಹೋಮ್. ಸ್ಪೇಸ್, ಉದ್ಗಾರ ಚಿಹ್ನೆ. ಸ್ಪೇಸ್, ಮೈನಸ್ ಯೂಸರ್, ನಿಮ್ಮ ಲಾಗಿನ್ ಹೆಸರು."

"ಉದ್ಗಾರ ಯಾಕೆ? ಆಶ್ಚರ್ಯಕ್ಕಾ?"

"ಇಲ್ಲಿ ಅದಕ್ಕೆ 'ಅಲ್ಲದ್ದು' ಅಂತ ಅರ್ಥ."

ಪರದೆ ಉರುಳತೊಡಗಿತು. ಮೂರು ಸಾವಿರ ಚಿಲ್ಲರೆ ಸಾಲು, ಎಲ್ಲವೂ 'ಹಳೇಕಾಗದ'ದ ಒಳಗಿನದೇ. ಹೊರಗಿನದು ಒಂದೂ ಇಲ್ಲ. ಮನೆಗೆಲ್ಲ ಬೆಂಕಿ ಬಿದ್ದಿದೆ ಅಂದುಕೊಂಡಿದ್ದವಳಿಗೆ ಒಂದು ಕೋಣೆ ಮಾತ್ರ ಅಂತ ತಿಳಿದರೆ ಆಗುವ ಸಮಾಧಾನ ಆಯಿತು.

"ಈ ಒಂದು ಫೋಲ್ಡರಿಗೆ ಮಾತ್ರ ಖಾತೆ ಬದಲಾವಣೆ. ಸುಡೋ, ಸಿಎಚ್‌ಓನ್, ಮೈನಸ್ ದೊಡ್ಡ ಆರ್, ನಿಮ್ಮ ಹೆಸರು, ಕೋಲನ್, ಮತ್ತೆ ನಿಮ್ಮ ಹೆಸರು. ಎರಡನೇದು ಗುಂಪು. ಉಬುಂಟುವಲ್ಲಿ ಒಬ್ಬೊಬ್ಬರಿಗೂ ಅವರದೇ ಹೆಸರಿನ ಒಂದು ಗುಂಪಿರುತ್ತೆ, ಸದಸ್ಯ ಅವರೊಬ್ಬರೇ."

"ಒಬ್ಬನೇ ಸದಸ್ಯ ಇರೋ ಸಂಘ. ಜಗಳ ಇಲ್ಲ. ಹೊಡೆದೆ. ಇಷ್ಟೇನಾ? ಮ್ಯುಟೇಶನ್ ಅಂದರೆ ನೋಟಿಸ್ ಅಂಟಿಸಬೇಕು, ತಕರಾರಿಗೆ ದಿನ ಕೊಡಬೇಕು, ಆಮೇಲೆ..."

"ಇಲ್ಲಿ ತಕರಾರಿಗೆ ದಿನ ಇಲ್ಲ, ಅದೇ ಭಯ. ಎಂಟರ್ ಒತ್ತೋಕೆ ಮುಂಚೆ ಸಾಲನ್ನ ಬಾಯಲ್ಲಿ ಓದಿಕೊಳ್ಳಬೇಕು. ಆ ಹುಡುಗ ಫೋನಲ್ಲಿ ಹೇಳಿದಾಗ ನೀವು ಓರೆಗೆರೆ ಆದಮೇಲೆ ಒಂದು ಸ್ಪೇಸ್ ಬಿಟ್ಟಿದ್ದಿದ್ದರೆ ಏನಾಗ್ತಿತ್ತು ಗೊತ್ತಾ?"

"ಏನಾಗ್ತಿತ್ತು?"

"ಬರೀ ಓರೆಗೆರೆ ಅಂದರೆ ಇಡೀ ಸಿಸ್ಟಮ್ಮು. ಎಲ್ಲದಕ್ಕೂ 777. ಆರ್‌ಎಂ ಆದರೆ ಇಡೀ ಸಿಸ್ಟಮ್ ಅಳಿಸೋಕೆ ಹೊರಟರೆ ತಡೆದು ನಿಲ್ಲಿಸುತ್ತೆ. ಸಿಎಚ್‌ಮೋಡ್, ಸಿಎಚ್‌ಓನ್ ಎರಡೂ ತಾವಾಗಿ ತಡೆಯಲ್ಲ, ಹೇಳಿದ್ದು ಮಾಡ್ತವೆ. ಆಗ ಮೊದಲು ಸಾಯೋದು ಸುಡೋನೇ."

"ಸುಡೋನೇ ಸುಟ್ಟುಹೋಗೋದು. ಹೇಗೆ?"

"ಸುಡೋ ಕಮಾಂಡಿನ ಫೈಲ್ ನೋಡಿ, ಎಕ್ಸ್ ಇರೋ ಜಾಗದಲ್ಲಿ ಎಸ್ ಇದೆ. ಅದಕ್ಕೆ ಸೆಟ್‌ಯುಐಡಿ ಅಂತಾರೆ. ಯಾರೇ ಓಡಿಸಲಿ, ಅದು ತನ್ನ ಒಡೆಯನ, ಅಂದರೆ ರೂಟಿನ, ಅಧಿಕಾರದಲ್ಲಿ ಓಡುತ್ತೆ. ಪಾಸ್‌ವರ್ಡ್ ಬದಲಾಯಿಸೋ ಕಮಾಂಡೂ ಹಾಗೇ. ಪಾಸ್‌ವರ್ಡ್ ಕಡತ ರೂಟಿನದು, ಆದರೂ ನಿಮ್ಮದನ್ನ ನೀವು ಬದಲಾಯಿಸಬೇಕಲ್ಲ. ಡೆನಿಸ್ ರಿಚಿ ಹೊಳೆಸಿಕೊಂಡ ಉಪಾಯ. ಅದಕ್ಕೆ 1979ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತು."

"ಜಿಪಿಎ."

"ಏನು?"

"ಜನರಲ್ ಪವರ್ ಆಫ್ ಅಟಾರ್ನಿ. ಅಲ್ಲ ಅಲ್ಲ, ಇದು ಎಸ್‌ಪಿಎ, ಸ್ಪೆಷಲ್. ಒಂದೇ ಕೆಲಸಕ್ಕೆ ಮಾತ್ರ ಅಧಿಕಾರ ಬರೆದುಕೊಟ್ಟ ಪತ್ರ."

"ಪಾಸ್‌ವರ್ಡ್ ಕಮಾಂಡಿಗೆ ಎಸ್‌ಪಿಎ. ಸುಡೋಗೆ ಜಿಪಿಎನೇ. 777 ಅಂತ ಬರೀ ಮೂರು ಅಂಕಿ ಹೊಡೆದರೆ ಆ ಎಸ್ ಅಳಿಸಿಹೋಗುತ್ತೆ, ಪತ್ರ ಹರಿದ ಹಾಗೆ. ಆಮೇಲೆ ಸುಡೋ ಕೆಲಸ ಮಾಡಲ್ಲ, ಸರಿಮಾಡೋಕೆ ಸುಡೋ ಬೇಕು. ಪೆನ್‌ಡ್ರೈವಿಂದ ಬೇರೆ ಉಬುಂಟು ಬೂಟ್ ಮಾಡಿಕೊಂಡು ಬರಬೇಕಾಗುತ್ತೆ. ಎಷ್ಟೋ ಸಲ ಹೊಸದಾಗಿ ಹಾಕಿಕೊಳ್ಳೋದೇ ವಾಸಿ."

"ಶಿವನೇ. ನಾನು ಆ ಸ್ಪೇಸ್ ಬಿಡಲಿಲ್ಲ ಅಂತ ನಿನಗೆ ಗಣಪನ ಆಣೆ."

"ಬಿಟ್ಟಿದ್ದರೆ ನಾವೀಗ ಮಾತಾಡ್ತಿರಲಿಲ್ಲ. ನಮ್ಮ ಕೆಲಸದ ಕಡೆ ಇನ್ನೊಂದು ಹಳೇ ಅಪಘಾತ ಇದೆ. ಮನೆಯ ಗುಪ್ತ ಫೈಲುಗಳ ಹೆಸರೆಲ್ಲ ಚುಕ್ಕೆಯಿಂದ ಶುರುವಾಗ್ತವೆ. ಅವಕ್ಕೆಲ್ಲ ಒಟ್ಟಿಗೆ ಸಿಎಚ್‌ಓನ್ ಹಾಕೋಣ ಅಂತ ಚುಕ್ಕೆ, ನಕ್ಷತ್ರ ಹೊಡೀತಾರೆ. ಎರಡು ಚುಕ್ಕೆ ಅಂದರೆ ಒಂದು ಮೆಟ್ಟಿಲು ಮೇಲಿನ ಫೋಲ್ಡರ್, ಅದೂ ಆ ಬಲೆಗೆ ಬೀಳುತ್ತೆ. ಮೈನಸ್ ಆರ್ ಜೊತೆಗಿದ್ದರೆ ಪಕ್ಕದ ಮನೆಯವರ ಆಸ್ತಿಯೆಲ್ಲ ನಿಮ್ಮ ಹೆಸರಿಗೆ. 2022ರಲ್ಲಿ ಬಂದ ಬ್ಯಾಶ್ 5.2ರಿಂದ ಅದನ್ನ ತಪ್ಪಿಸಿದಾರೆ, ನಿಮ್ಮದರಲ್ಲಿ ಅದೇ ಇದೆ. ಹಳೇ ಸರ್ವರುಗಳಲ್ಲಿ ಇವತ್ತಿಗೂ ಕೈ ನಡುಗುತ್ತೆ."

"ಖಾತೆ ಆಯ್ತು. ಇನ್ನು ಬಾಗಿಲು."

"ಇನ್ನು ಸುಡೋ ಬೇಡ, ಈಗ ಎಲ್ಲದಕ್ಕೂ ನೀವೇ ಒಡೆಯರು. ಬೇಜಾರಿನ ವಿಷಯ ಏನಂದರೆ, 777ಕ್ಕೆ ಮುಂಚೆ ಯಾವ ಫೈಲಿಗೆ ಏನು ಹಕ್ಕಿತ್ತು ಅಂತ ಎಲ್ಲೂ ಬರೆದಿಲ್ಲ. ಹಿಂದಕ್ಕೆ ಹೋಗೋ ಬಟನ್ ಇಲ್ಲ. ಊಹೆ ಮಾಡಬೇಕು. ನೀವೊಬ್ಬರೇ ಇರೋದರಿಂದ ಊಹೆ ಸುಲಭ. ಫೋಲ್ಡರಿಗೆಲ್ಲ 700, ಫೈಲಿಗೆಲ್ಲ 600. ಬೇರೆಯವರಿಗೆ ಏನೂ ಇಲ್ಲ."

"ಎರಡಕ್ಕೂ ಬೇರೆ ಬೇರೆ ಯಾಕೆ? ಒಟ್ಟಿಗೆ 700 ಹೊಡಿ."

"ಫೋಲ್ಡರಿಗೆ ಎಕ್ಸ್ ಇಲ್ಲದಿದ್ದರೆ ಒಳಕ್ಕೆ ಹೋಗೋಕಾಗಲ್ಲ. ಕ್ರಯಪತ್ರದ ಚಿತ್ರಕ್ಕೆ ಎಕ್ಸ್ ಯಾಕೆ? ಅದೇನು ಓಡುತ್ತಾ? ಇದಕ್ಕೆ ಅಂತಲೇ ದೊಡ್ಡ ಎಕ್ಸ್ ಅಂತ ಒಂದಿದೆ, ಫೋಲ್ಡರಿಗೆ ಮಾತ್ರ ಹಾಕುತ್ತೆ. ಆದರೆ ಆಗಲೇ ಎಕ್ಸ್ ಇರೋ ಫೈಲುಗಳಲ್ಲಿ ಅದನ್ನ ಹಾಗೇ ಬಿಡುತ್ತೆ. 777 ಕೃಪೆಯಿಂದ ನಿಮ್ಮ ಮನೇಲಿ ಎಲ್ಲಕ್ಕೂ ಎಕ್ಸ್ ಇದೆ. ಅದಕ್ಕೇ ಫೈಂಡ್ ಹಿಡಿದು ಎರಡು ಸಾಲಿನ ಕೆಲಸ. ಟೈಪ್ ಡಿ ಒಂದು, ಟೈಪ್ ಎಫ್ ಒಂದು."

ಎರಡೂ ಸಾಲು ನಾನೇ ಹೊಡೆದೆ. ಕೀ ಫೈಲು 600, ಅದಿರುವ ಫೋಲ್ಡರ್ 700, ಎಸ್‌ಎಸ್‌ಎಚ್ ಕೇಳುವುದೂ ಅಷ್ಟನ್ನೇ. ಒಂದು ತೃಪ್ತಿಯಿಂದ, "ಈಗ ಬ್ಯಾಕಪ್ ಓಡಿಸ್ತೀನಿ, ನೋಡಿ" ಎಂದು ಸ್ಕ್ರಿಪ್ಟಿನ ಹೆಸರು ಹೊಡೆದು ಎಂಟರ್ ಒತ್ತಿದೆ.

"'ಪರ್ಮಿಷನ್ ಡಿನೈಡ್' ಅಂತಿದೆಯಲ್ಲಮ್ಮ."

"ಒಂದು ನಿಮಿಷ."

"ಮತ್ತೆ ಅಂಗಡಿ ಹುಡುಗನ್ನ ಕರೆಸಲಾ?"

"ಚಿಕ್ಕಪ್ಪ, ಒಂದು ನಿಮಿಷ."

"ನಾನು ಹೇಳಲಾ? ಈ ಸ್ಕ್ರಿಪ್ಟ್ ಅನ್ನೋದು ಕಾಗದಾನಾ, ಓಡೋದಾ?"

ಓಡುವುದು. ಮನೆಯ ಫೈಲುಗಳಿಗೆಲ್ಲ 600 ಹೊಡೆದಾಗ, ನಾನೇ ಬರೆದು, ನಾನೇ ಎಕ್ಸ್ ಕೊಟ್ಟು, ನಾನೇ ರಾತ್ರಿ ಒಂಬತ್ತಕ್ಕೆ ಗೊತ್ತುಮಾಡಿಟ್ಟಿದ್ದ ಬ್ಯಾಕಪ್ ಸ್ಕ್ರಿಪ್ಟಿನ ಎಕ್ಸನ್ನೂ ಕಿತ್ತುಹಾಕಿದ್ದೆ. ಸಂಬಳ ಎಣಿಸಿಕೊಳ್ಳುವ ಕೆಲಸವೇ ಇದು ನನಗೆ. ಮಾತಾಡದೆ ಸಿಎಚ್‌ಮೋಡ್, ಯು ಪ್ಲಸ್ ಎಕ್ಸ್ ಹೊಡೆದೆ. ಅದೇ ಫೋಲ್ಡರಿನಲ್ಲಿದ್ದ ಇನ್ನೊಂದಕ್ಕೂ ಕೊಟ್ಟೆ, ಸ್ಕ್ಯಾನ್‌ಗಳನ್ನು ಸೇರಿಸಿ ಪಿಡಿಎಫ್ ಮಾಡುವಂಥದ್ದು. ಈ ಸಲ ಹೆಸರುಗಳು ಒಂದರ ಹಿಂದೊಂದು ಹೊರಟವು. ರಸೀದಿ, ರಸೀದಿ, ವಿಭಾಗಪತ್ರದ ಎರಡನೇ ಪುಟ, ಚಿಕ್ಕಮ್ಮನ ಮದುವೆ ಫೋಟೋ.

"ಆ ಹಳೇ ಡಿಸ್ಕಲ್ಲಿ ಇನ್ನೂ 1001 ಅಂತಲೇ ಇದೆಯಲ್ಲ, ಅದನ್ನೂ 1000 ಮಾಡಿಬಿಡಲಾ?"

"ಬೇಡ. ಮೂಲ ದಾಖಲೆ ತಿದ್ದಬಾರದು. ಡಬ್ಬೀಲಿ ಹಾಗೇ ಇರಲಿ."

ಹೂರಣಕ್ಕೆ ಕಾಯಿ ತುರಿದು ಮುಗಿಸಿ ಈಚೆ ಬಂದಾಗ ಅವರು ಹಳೆಯ ಡೈರಿಯೊಂದರಲ್ಲಿ ಸ್ಕೇಲಿಟ್ಟು ಗೆರೆ ಎಳೆಯುತ್ತಿದ್ದರು. ದಿನಾಂಕ. ಯಾವ ಫೋಲ್ಡರು. ಮೊದಲು ಯಾರ ಹೆಸರಲ್ಲಿತ್ತು. ಈಗ ಯಾರ ಹೆಸರಿಗೆ. ಕೊನೆಯಲ್ಲಿ ಷರಾ.

"ರೂಟ್ ಅಂತ ಕನ್ನಡದಲ್ಲೇ ಬರೆಯಲಾ?"

"ಬರೀರಿ. ಷರಾದಲ್ಲಿ ಏನು ಬರೀತೀರಿ?"

"ಬರೆದಾಯ್ತು. 'ಬ್ಯಾಕಪ್ ಸ್ಕ್ರಿಪ್ಟಿನ ಎಕ್ಸ್ ಬಿಟ್ಟುಹೋಗಿದ್ದು, ಮತ್ತೆ ಹಾಕಲಾಗಿದೆ. ಅಣ್ಣನ ಮಗಳ ಕೈತಪ್ಪು.' ತಗೋ, ಇಲ್ಲೊಂದು ರುಜು ಹಾಕು."